ಮಹಾಪಧಮನಿಯ ತಪಾಸಣೆಗೆ ಆಯ್ಕೆಯಾಗುವ ಮುನ್ನ ನಾನು ಕೊಟ್ಟ ಎರಡು ತಪ್ಪು ಉತ್ತರಗಳು

ಹೊಟ್ಟೆಯ ಮಹಾಪಧಮನಿಯಲ್ಲಿ, ಅಂದರೆ ಹೃದಯದಿಂದ ಹೊರಟು ಬರುವ ದೊಡ್ಡ ರಕ್ತನಾಳದಲ್ಲಿ, ಉಬ್ಬು ಇದೆಯೇ ಎಂದು ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಹತ್ತು ಹದಿನೈದು ನಿಮಿಷಗಳ ಕೆಲಸ. ನೋವಿಲ್ಲ, ಸೂಜಿ ಇಲ್ಲ, ವಿಕಿರಣವೂ ಇಲ್ಲ. ಆದರೆ ಮೊದಲ ಸಲ ವೈದ್ಯರ ಮುಂದೆ ಕುಳಿತ ದಿನದಿಂದ ಕೊನೆಯ ವರದಿ ಕೈಗೆ ಬರುವವರೆಗೆ ನನಗೆ ಹದಿನಾಲ್ಕು ವಾರಗಳು ಹಿಡಿದವು, ಅವುಗಳಲ್ಲಿ ಮೊದಲ ನಾಲ್ಕು ವಾರಗಳನ್ನು ನಾನೇ ಹಾಳುಮಾಡಿಕೊಂಡೆ. ಈ ತಪಾಸಣೆಯನ್ನು ಬಹಳ ಕಡೆಗಳಲ್ಲಿ ಅಪಾಯ ಹೆಚ್ಚಿರುವವರನ್ನು ಆರಿಸಿ ಮಾಡುತ್ತಾರೆ, ಆರಿಸುವುದು ನಾವು ಕೊಡುವ ಉತ್ತರಗಳನ್ನು ನೋಡಿಕೊಂಡು. ನನ್ನ ಉತ್ತರಗಳು ಸುಳ್ಳಾಗಿರಲಿಲ್ಲ, ಹಾಗೆಂದು ಸರಿಯಾಗಿಯೂ ಇರಲಿಲ್ಲ.

ನನಗೆ ಈಗ 67 ವರ್ಷ. ಕಳೆದ ವರ್ಷ ನನ್ನ ಅಣ್ಣ 71ನೆಯ ವಯಸ್ಸಿನಲ್ಲಿ ತೀರಿಕೊಂಡ. ಒಂದು ಸಂಜೆ ಎಡಪಕ್ಕೆಯಿಂದ ಸೊಂಟದವರೆಗೆ ಹಿಡಿದ ನೋವನ್ನು ಮೊದಲು ನೋಡಿದವರು ಮೂತ್ರಪಿಂಡದ ಕಲ್ಲೆಂದು ತಿಳಿದು ನೋವಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳುಹಿಸಿದ್ದರು. ಬೆಳಗಿನ ಜಾವ ಬಚ್ಚಲುಮನೆಯಲ್ಲಿ ಕುಸಿದುಬಿದ್ದವನನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿದಾಗ ಬಿಪಿ ಸಿಗುತ್ತಲೇ ಇರಲಿಲ್ಲವಂತೆ. ಬಂಧುಗಳಿಗೆಲ್ಲ ಮುಟ್ಟಿದ ಸುದ್ದಿ ‘ಹಾರ್ಟ್ ಅಟ್ಯಾಕ್’. ಅವನ ಮಗನೊಬ್ಬ ಮಾತ್ರ, “ಹೃದಯ ಅಲ್ಲ ಚಿಕ್ಕಪ್ಪ, ಹೊಟ್ಟೆಯ ಒಳಗಿನ ದೊಡ್ಡ ರಕ್ತನಾಳ ಒಡೆಯಿತು ಅಂದರು” ಎಂದಿದ್ದ. ಸೂತಕದ ಮನೆಯಲ್ಲಿ ಕಿವಿಗೆ ಬಿದ್ದ ನೂರು ಮಾತುಗಳಲ್ಲಿ ಅದೂ ಒಂದಾಗಿ ಕಳೆದುಹೋಯಿತು.

ಅದು ಮತ್ತೆ ನೆನಪಾದದ್ದು ನನ್ನ ಸಕ್ಕರೆ ಕಾಯಿಲೆಯ ಮಾಮೂಲು ಭೇಟಿಯ ದಿನ. ಅಲ್ಲಿ ಅರವತ್ತೈದು ದಾಟಿದವರಿಗೆ ಯಾವ ಯಾವ ತಪಾಸಣೆಗಳು ಬೇಕೆಂದು ತೀರ್ಮಾನಿಸುವುದಕ್ಕೆ ಒಂದು ಪುಟದ ನಮೂನೆಯನ್ನು ತುಂಬಿಸಿಕೊಳ್ಳುತ್ತಿದ್ದರು. ‘ಧೂಮಪಾನ’ ಎಂಬುದರ ಎದುರು ಹೌದು, ಇಲ್ಲ ಎಂಬ ಎರಡು ಚೌಕಗಳಿದ್ದವು. ನಾನು ಸಿಗರೇಟು ಬಿಟ್ಟು 24 ವರ್ಷಗಳಾಗಿವೆ, ಹಾಗಾಗಿ ‘ಇಲ್ಲ’ಕ್ಕೆ ಗುರುತು ಹಾಕಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯಿಂದಲೇ ಹಾಕಿದೆ. ‘ಕುಟುಂಬದಲ್ಲಿ ಕಾಯಿಲೆಗಳು’ ಎಂಬಲ್ಲಿ ‘ಅಣ್ಣ, ಹೃದಯಾಘಾತ’ ಎಂದು ಬರೆದೆ. ನಮೂನೆಯನ್ನು ನೋಡಿದ ಕಿರಿಯ ವೈದ್ಯರು ಇಸಿಜಿ ಬರೆದುಕೊಟ್ಟರು. ಮಹಾಪಧಮನಿಯ ತಪಾಸಣೆ ಎಂಬ ಸಾಲಿನ ಎದುರು ‘ಅಗತ್ಯವಿಲ್ಲ’ ಎಂದು ಬರೆದು ಸಹಿ ಹಾಕಿದರು. ನಾನು ಕೊಟ್ಟ ಉತ್ತರಗಳನ್ನು ನೋಡಿದರೆ ಅವರ ತೀರ್ಮಾನದಲ್ಲಿ ತಪ್ಪೇನೂ ಇರಲಿಲ್ಲ.

ಒಂದು ತಿಂಗಳ ಬಳಿಕ ಫೈಲು ಜೋಡಿಸುತ್ತಿದ್ದ ನನ್ನ ಹೆಂಡತಿಯ ಕೈಗೆ ಆ ನಮೂನೆಯ ಪ್ರತಿ ಸಿಕ್ಕಿತು. ಅವಳು ಅದನ್ನು ಎರಡು ಸಲ ಓದಿ, “ಕಿಡಿ ಬಿದ್ದು ತೂತಾದ ನಿಮ್ಮ ಅಂಗಿಗಳನ್ನು ಹದಿನೆಂಟು ವರ್ಷ ಹೊಲಿದವಳು ನಾನು. ಇಲ್ಲಿ ನೋಡಿದರೆ ಇಲ್ಲ ಅಂತ ಬರೆದಿದ್ದೀರಲ್ಲ!” ಎಂದಳು. ಬಿಟ್ಟಮೇಲೆ ಅದರ ಮಾತೇಕೆ ಎಂದು ನಾನು ವಾದಿಸಿದೆ. ಅವಳು ನಮೂನೆಯನ್ನು ನನ್ನ ಮುಂದಿಟ್ಟು, ಅಣ್ಣನ ಮಗನಿಗೆ ಫೋನು ಮಾಡಿ ಅವನಪ್ಪ ತೀರಿಕೊಂಡದ್ದು ನಿಜವಾಗಿ ಯಾವ ಕಾಯಿಲೆಯಿಂದ ಎಂದು ಕೇಳಿದಳು.

ಎರಡನೆಯ ಭೇಟಿಯಲ್ಲಿ ನಾನು ಹಿರಿಯ ವೈದ್ಯರನ್ನೇ ಕಾಣುವುದಾಗಿ ಹಟಹಿಡಿದೆ. ನಾಲ್ಕು ಗಂಟೆ ಕಾಯಬೇಕಾಯಿತು, ಆದರೂ ಕಾದದ್ದು ಸಾರ್ಥಕವಾಯಿತು. ಅವರು ಹಾಳೆಯೊಂದರಲ್ಲಿ ನಾಳದ ಚಿತ್ರ ಬರೆದು ತೋರಿಸಿದರು. ಹೃದಯದಿಂದ ಹೊರಟ ಮಹಾಪಧಮನಿ ಬೆನ್ನುಮೂಳೆಯ ಮುಂದೆ ಇಳಿದುಬಂದು ಹೊಕ್ಕುಳಿನ ಮಟ್ಟದಲ್ಲಿ ಎರಡು ಕವಲಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ ಸುಮಾರು 2 ಸೆಂಟಿಮೀಟರ್. ಗೋಡೆಯ ನಾರುಗಳು ಸಡಿಲಗೊಂಡು ಅಗಲ 3 ಸೆಂಟಿಮೀಟರ್ ಮುಟ್ಟಿದರೆ ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಹೆಚ್ಚಿನವರಿಗೆ ಅದು ಒಡೆಯುವವರೆಗೂ ಯಾವ ಸುಳಿವನ್ನೂ ಕೊಡುವುದಿಲ್ಲ, ಒಡೆದರೆ ಹತ್ತರಲ್ಲಿ ಸುಮಾರು ಎಂಟು ಮಂದಿ ಉಳಿಯುವುದಿಲ್ಲ. ಸುಳಿವಿಲ್ಲದ ಕಾಯಿಲೆಯಾದ್ದರಿಂದಲೇ ಯಾರಲ್ಲಿ ಹುಡುಕಬೇಕು ಎಂಬ ಪ್ರಶ್ನೆ ಮೊದಲು ಬರುತ್ತದೆ ಎಂದು ಹೇಳಿ, ಅವರು ಚಿತ್ರದ ಕೆಳಗೆ ವಯಸ್ಸು, ಗಂಡು ಅಥವಾ ಹೆಣ್ಣು, ಸಿಗರೇಟು, ಒಡಹುಟ್ಟಿದವರು ಮತ್ತು ತಂದೆತಾಯಿ ಎಂದು ನಾಲ್ಕು ಸಾಲು ಬರೆದರು.

ಸಿಗರೇಟಿನ ಸಾಲಿನ ಮೇಲೆ ಅವರು ಪೆನ್ನನ್ನು ಎರಡು ಸಲ ಕುಟ್ಟಿದರು. ಈ ಕಾಯಿಲೆಯ ಮಟ್ಟಿಗೆ ಕೇಳಬೇಕಾದದ್ದು ‘ಸೇದುತ್ತೀರಾ’ ಎಂದಲ್ಲ, ‘ಎಂದಾದರೂ ಸೇದಿದ್ದಿರಾ’ ಎಂದು. ಜೀವಮಾನದಲ್ಲಿ ಒಟ್ಟು 100 ಸಿಗರೇಟು ಸೇದಿದ್ದರೂ ಅಂಥವರನ್ನು ಸೇದಿದವರೆಂದೇ ಎಣಿಸುತ್ತಾರೆ. ನನ್ನ ಲೆಕ್ಕವನ್ನು ಅಲ್ಲೇ ಮಾಡಿದೆವು. 25ನೆಯ ವಯಸ್ಸಿನಿಂದ 43ರವರೆಗೆ, ದಿನಕ್ಕೆ ಹತ್ತರಂತೆ, ಹದಿನೆಂಟು ವರ್ಷ. ಇಪ್ಪತ್ತರ ಪ್ಯಾಕಿನ ಲೆಕ್ಕದಲ್ಲಿ ದಿನಕ್ಕೆ ಅರ್ಧ ಪ್ಯಾಕು, ಹದಿನೆಂಟು ವರ್ಷಕ್ಕೆ 9 ‘ಪ್ಯಾಕ್ ಇಯರ್’. ಬಿಡಿಬಿಡಿಯಾಗಿ ಎಣಿಸಿದರೆ ಅರವತ್ತೈದು ಸಾವಿರಕ್ಕೂ ಹೆಚ್ಚು ಸಿಗರೇಟುಗಳು. ನೂರು ದಾಟಿದೆಯೇ ಎಂದು ಕೇಳುವ ಗೆರೆಯ ಮುಂದೆ ನಾನು ‘ಇಲ್ಲ’ ಎಂದು ಬರೆದು ಬಂದಿದ್ದೆ. ಬಿಟ್ಟಮೇಲೆ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗುತ್ತದೆ, ಆದರೆ ಬಹಳ ನಿಧಾನವಾಗಿ ಎಂದು ಅವರು ಹೇಳಿದಾಗ ನನ್ನ ಹೆಂಡತಿ ಕಿಟಕಿಯ ಕಡೆ ನೋಡುತ್ತಿದ್ದಳು.

ಮಧುಮೇಹವಿದೆಯಲ್ಲ, ಅದೂ ನನ್ನ ಅಪಾಯವನ್ನು ಹೆಚ್ಚಿಸುತ್ತದೆಯೇ ಎಂದು ಕೇಳಿದೆ. ಈ ಒಂದು ಕಾಯಿಲೆಯಲ್ಲಿ ಲೆಕ್ಕ ತಿರುಗುಮುರುಗು, ಮಧುಮೇಹಿಗಳಲ್ಲಿ ಈ ಉಬ್ಬು ಕಾಣಿಸಿಕೊಳ್ಳುವುದು ಕಡಿಮೆ ಎಂದರು. ಒಂಬತ್ತು ವರ್ಷದ ಸಕ್ಕರೆ ಕಾಯಿಲೆಯ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡಿದ್ದು ಅದೇ ಮೊದಲು.

ಆಮೇಲೆ ನಾನು ಓದಿ ತಿಳಿದುಕೊಂಡಂತೆ ಆಯ್ಕೆಯ ಗೆರೆಯನ್ನು ಎಲ್ಲ ದೇಶಗಳೂ ಒಂದೇ ಕಡೆ ಎಳೆದಿಲ್ಲ. ಬ್ರಿಟನ್ನಿನಲ್ಲಿ 65 ತುಂಬುವ ವರ್ಷ ಎಲ್ಲ ಗಂಡಸರನ್ನೂ ಕರೆಯುತ್ತಾರೆ, ಸೇದಿದವರೇ ಎಂದು ಕೇಳುವುದೇ ಇಲ್ಲ. ಸ್ವೀಡನ್ನಿನಲ್ಲೂ ಹಾಗೆಯೇ. ಅಮೆರಿಕದ ತಜ್ಞರ ಕಾರ್ಯಪಡೆ 2019ರಲ್ಲಿ ಕೊಟ್ಟ ಶಿಫಾರಸಿನಲ್ಲಿ 65ರಿಂದ 75 ವರ್ಷದೊಳಗಿನ, ಎಂದಾದರೂ ಸೇದಿದ್ದ ಗಂಡಸರಿಗೆ ಒಮ್ಮೆ ಅಲ್ಟ್ರಾಸೌಂಡ್ ಮಾಡಬೇಕೆಂದಿದೆ. ಎಂದೂ ಸೇದದ ಗಂಡಸರ ವಿಚಾರದಲ್ಲಿ ಉಳಿದ ಅಪಾಯಗಳನ್ನು ನೋಡಿ ಆರಿಸಿಕೊಳ್ಳಿ ಎಂದಿದೆ. ಎಲ್ಲರನ್ನೂ ಕರೆಯುವ ಪದ್ಧತಿಗೆ ಬಲ ಕೊಟ್ಟದ್ದು 65ರಿಂದ 74 ವರ್ಷದ ಸುಮಾರು 67,800 ಗಂಡಸರ ಮೇಲೆ ಬ್ರಿಟನ್ನಿನಲ್ಲಿ ನಡೆದ ಅಧ್ಯಯನ. ತಪಾಸಣೆಗೆ ಕರೆಯಲಾದವರ ಗುಂಪಿನಲ್ಲಿ ಈ ಕಾಯಿಲೆಯ ಸಾವುಗಳು ನಾಲ್ಕು ವರ್ಷಗಳಲ್ಲಿ ಶೇ. 42ರಷ್ಟು ಕಡಿಮೆಯಾದವು. ಆಗ ಪರೀಕ್ಷಿಸಿದ ನೂರು ಗಂಡಸರಲ್ಲಿ ಸುಮಾರು ಐವರಿಗೆ ಉಬ್ಬು ಸಿಗುತ್ತಿತ್ತು. ಸೇದುವವರು ಕಡಿಮೆಯಾಗುತ್ತ ಬಂದಂತೆ ಆ ಸಂಖ್ಯೆ ಒಂದೆರಡಕ್ಕೆ ಇಳಿದಿದೆ. ನೂರು ಜನರನ್ನು ಮಲಗಿಸಿ ಒಬ್ಬಿಬ್ಬರನ್ನು ಹುಡುಕುವುದೋ, ನಾಲ್ಕು ಪ್ರಶ್ನೆ ಕೇಳಿ ಕೆಲವರನ್ನೇ ಮಲಗಿಸುವುದೋ ಎಂಬ ಚರ್ಚೆ ಅದರಿಂದಾಗಿಯೇ ಜೋರಾಗಿದೆ. ನನ್ನನ್ನು ಕೇಳಿದರೆ, ಪ್ರಶ್ನೆ ಕೇಳಿ ಆರಿಸುವ ಪದ್ಧತಿಗೆ ನನ್ನಂಥವನೇ ದೊಡ್ಡ ತೊಡಕು.

ಅಣ್ಣನ ಕಾಯಿಲೆಯನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳುವುದಕ್ಕೆ ಆ ವೈದ್ಯರು ಸಿದ್ಧರಿರಲಿಲ್ಲ. ‘ಹೊಟ್ಟೆಯ ನಾಳ ಒಡೆಯಿತು’ ಎಂದು ಮನೆಯವರು ಹೇಳುವುದು ಎಷ್ಟೋ ಸಲ ಹೊಟ್ಟೆಹುಣ್ಣಿನ ರಕ್ತಸ್ರಾವವಾಗಿರುತ್ತದಂತೆ. ಸೇದಿದ್ದ ಕಾರಣಕ್ಕೆ ನನ್ನ ಸ್ಕ್ಯಾನಿಂಗ್ ಹೇಗೂ ಆಗುತ್ತಿತ್ತು, ಆದರೆ ಎಂದೂ ಸೇದದ ನನ್ನ ಅಕ್ಕನ ತಪಾಸಣೆಯ ವಿಚಾರ ಪೂರ್ತಿಯಾಗಿ ಅಣ್ಣನ ಆಸ್ಪತ್ರೆಯ ದಾಖಲೆಯ ಮೇಲೆಯೇ ನಿಂತಿತ್ತು. ಅಣ್ಣ ತೀರಿಕೊಂಡ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಮೂರು ಸಲ ಅಲೆದೆ. ಮೊದಲ ಸಲ, ತಮ್ಮನಿಗೆ ಕೊಡಲಾಗದು, ಹೆಂಡತಿ ಅಥವಾ ಮಕ್ಕಳು ಬರಬೇಕೆಂದರು. ಎರಡನೆಯ ಸಲ ಅಣ್ಣನ ಮಗನ ಪತ್ರ ತೆಗೆದುಕೊಂಡು ಹೋದರೆ ಮರಣ ಪ್ರಮಾಣಪತ್ರದಲ್ಲೂ ಆಸ್ಪತ್ರೆಯ ಕಡತದಲ್ಲೂ ಹೆಸರಿನ ಇನಿಷಿಯಲ್ ಬೇರೆ ಬೇರೆ ಎಂಬ ತಕರಾರು ಬಂತು. ಮೂರನೆಯ ಸಲ ಅಣ್ಣನ ಮಗನೇ ಬಂದ. ಸಿಕ್ಕ ಸಾರಾಂಶ ಒಂದೂವರೆ ಪುಟದ್ದು, ಅದರ ನಡುವೆ ಸಿ.ಟಿ. ಸ್ಕ್ಯಾನಿನ ಒಂದು ಸಾಲು: ಮೂತ್ರಪಿಂಡದ ಕವಲುಗಳ ಕೆಳಗೆ ಒಡೆದ ಅನ್ಯೂರಿಸಂ, ಅಗಲ 7.4 ಸೆಂ.ಮೀ. ಅವನು ಅದನ್ನು ಮೆಟ್ಟಿಲ ಮೇಲೆ ನಿಂತು ಓದಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅಷ್ಟು ಅಂತರ ಮಾಡಿ ನೋಡಿಕೊಂಡ. ಕುಟುಂಬದ ದಾಖಲೆ ತರಬೇಕಾದವರು ದಯವಿಟ್ಟು ಮರಣ ಪ್ರಮಾಣಪತ್ರವನ್ನೇ ನಂಬಿ ಕುಳಿತುಕೊಳ್ಳಬೇಡಿ. ಅಣ್ಣನ ಪ್ರಮಾಣಪತ್ರದಲ್ಲಿ ಇದ್ದದ್ದು ‘ಹೃದಯ ಸ್ತಂಭನ’ ಎಂದಷ್ಟೇ. ಕೇಳಬೇಕಾದದ್ದು ಡಿಸ್ಚಾರ್ಜ್ ಅಥವಾ ಮರಣ ಸಾರಾಂಶ ಮತ್ತು ಸ್ಕ್ಯಾನಿನ ವರದಿ.

ಸ್ಕ್ಯಾನಿಂಗಿಗೆ ದಿನ ಸಿಕ್ಕಿದ್ದು ಹತ್ತೊಂಬತ್ತು ದಿನಗಳ ಬಳಿಕ. ಆ ನಡುವೆ ಮೂರು ವರ್ಷ ಹಿಂದೆ ಮಾಡಿಸಿದ್ದ ‘ಹೋಲ್ ಅಬ್ಡೊಮೆನ್’ ಸ್ಕ್ಯಾನಿನ ವರದಿ ನೆನಪಾಗಿ, ಹುಡುಕಿ ತೆಗೆದು, ಎಲ್ಲವೂ ನಾರ್ಮಲ್ ಎಂದಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ. ವೈದ್ಯರಿಗೆ ತೋರಿಸಿದಾಗ ಆ ವರದಿಯಲ್ಲಿ ಯಕೃತ್ತು, ಪಿತ್ತಕೋಶ, ಮೂತ್ರಪಿಂಡ, ಪ್ರಾಸ್ಟೇಟ್ ಎಲ್ಲದರ ಮಾತೂ ಇದೆ, ಮಹಾಪಧಮನಿಯ ಅಗಲ ಮಾತ್ರ ಎಲ್ಲೂ ಇಲ್ಲ ಎಂಬುದು ತಿಳಿಯಿತು. ಬೇರೆ ಕಾರಣಕ್ಕೆ ಹೊಟ್ಟೆಯ ಸಿ.ಟಿ. ಮಾಡಿಸಿಕೊಂಡವರಿದ್ದರೆ ಅದನ್ನು ಖಂಡಿತ ತೋರಿಸಬೇಕು. ಮಹಾಪಧಮನಿ ಅದರಲ್ಲಿ ಸ್ಪಷ್ಟವಾಗಿ ಕಾಣುವುದರಿಂದ ಅಳತೆಯನ್ನು ಅಲ್ಲಿಂದಲೇ ತೆಗೆಯಬಹುದು, ಹೊಸ ಪರೀಕ್ಷೆಯ ಅಗತ್ಯವೇ ಬೀಳದಿರಬಹುದು.

ಮೊದಲ ಸ್ಕ್ಯಾನಿಂಗ್ ಕೆಟ್ಟುಹೋಯಿತು. ಕರುಳಿನ ಗಾಳಿ ಅಡ್ಡಬಂದರೆ ನಾಳ ಕಾಣುವುದಿಲ್ಲವೆಂದು ಆರರಿಂದ ಎಂಟು ಗಂಟೆ ಏನೂ ತಿನ್ನಬಾರದೆಂದಿದ್ದರು. ನಾನು ಉಪವಾಸವನ್ನೇನೋ ಪಾಲಿಸಿದೆ, ಆದರೆ ಬೆಳಗಿನ ಸಕ್ಕರೆ ಮಾತ್ರೆಯನ್ನು ಅಭ್ಯಾಸಬಲದಿಂದ ನುಂಗಿಬಿಟ್ಟಿದ್ದೆ. ಸರದಿ ಬರುವುದು ತಡವಾಗಿ, ಹನ್ನೊಂದರ ಹೊತ್ತಿಗೆ ಕೈ ನಡುಗಿ ಬೆವರು ಕಿತ್ತುಕೊಂಡಿತು. ನರ್ಸೊಬ್ಬರು ಸಕ್ಕರೆ ಕಲಸಿದ ನೀರು ಕುಡಿಸಿದರು. ಗಾಬರಿಯಲ್ಲಿ ಗುಟುಕು ಗುಟುಕಾಗಿ ಗಾಳಿಯನ್ನೂ ನುಂಗಿದ್ದೆನೋ ಏನೋ, ಆಮೇಲೆ ಮೇಜಿನ ಮೇಲೆ ಮಲಗಿಸಿದರೆ ಪರದೆಯ ತುಂಬ ಬರೀ ಬೂದು ಮಂಜು. ವರದಿಯಲ್ಲಿ ‘ಗಾಳಿಯ ಕಾರಣ ಮಹಾಪಧಮನಿ ಕಾಣಲಿಲ್ಲ, ಮತ್ತೆ ಬರುವುದು’ ಎಂದು ಬರೆದರು. ಕಾಣಲಿಲ್ಲ ಎಂದರೆ ನಾರ್ಮಲ್ ಎಂದು ತಿಳಿದು ಮನೆಗೆ ಹೋಗುವವರು ಇರುತ್ತಾರೆ ಎಂದು ಆ ತಂತ್ರಜ್ಞೆ ಹೇಳಿದರು. ಮಧುಮೇಹಿಗಳು ಉಪವಾಸದ ದಿನ ಮಾತ್ರೆಯನ್ನೂ ಇನ್ಸುಲಿನ್ನನ್ನೂ ಏನು ಮಾಡಬೇಕೆಂದು ಮೊದಲೇ ಕೇಳಿಕೊಂಡು, ಬೆಳಗಿನ ಮೊದಲ ಸರದಿಯನ್ನೇ ಬೇಡಿ ಪಡೆಯುವುದು ಒಳ್ಳೆಯದು.

ಒಂಬತ್ತು ದಿನಗಳ ಬಳಿಕ ಅದೇ ತಂತ್ರಜ್ಞೆ ನನ್ನನ್ನು ಅಂಗಾತ ಮಲಗಿಸಿ, ತಣ್ಣನೆಯ ಜೆಲ್ಲು ಹಚ್ಚಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಪ್ರೋಬನ್ನು ಒತ್ತಿ ಹಿಡಿದರು. ಈ ಸಲ ಪರದೆಯ ಮಂಜಿನ ನಡುವೆ ಕಪ್ಪು ವೃತ್ತವೊಂದು ಕಾಣಿಸಿತು. ಅದರ ಕೆಳಗೆ ಬೆನ್ನುಮೂಳೆ ಬಿಳಿಯ ಕಮಾನಿನಂತೆ ಹೊಳೆಯುತ್ತಿತ್ತು. ವೃತ್ತ ಪ್ರತಿ ಬಡಿತಕ್ಕೂ ಚೂರು ಹಿಗ್ಗಿ ಕುಗ್ಗುತ್ತಿತ್ತು. ಅವರು ಚಿತ್ರವನ್ನು ನಿಲ್ಲಿಸಿ, ವೃತ್ತದ ಮೇಲಂಚಿನ ಒಳಬದಿಗೆ ಒಂದು ಕೂಡು ಚಿಹ್ನೆ, ಕೆಳಂಚಿನ ಒಳಬದಿಗೆ ಇನ್ನೊಂದು ಇಟ್ಟರು, ಎರಡರ ನಡುವೆ ಚುಕ್ಕೆಗಳ ಗೆರೆ ಮೂಡಿತು, ಮೂಲೆಯಲ್ಲಿ 3.3 ಎಂದು ಬಂತು. ಮತ್ತೆ ಅಳೆದರು, 3.2. ಇನ್ನೊಮ್ಮೆ, 3.3. ಮೂರರ ಗೆರೆಯ ಅರ್ಥ ಅಷ್ಟರಲ್ಲಿ ನನಗೆ ಬಾಯಿಪಾಠವಾಗಿತ್ತು. ಅವರು ಏನೂ ಹೇಳದೆ ಒರೆಸಿಕೊಳ್ಳಲು ಕಾಗದ ಕೊಟ್ಟರು, ನಾನು ಹೊಟ್ಟೆಯನ್ನು ಬಹಳ ಮೆಲ್ಲಗೆ, ಒಳಗಿನದು ಎಚ್ಚರಗೊಂಡೀತು ಎಂಬಂತೆ ಒರೆಸಿಕೊಂಡೆ.

ಅದಾದ ಎರಡು ವಾರ ನಿದ್ದೆ ಬರಲಿಲ್ಲ. ಮಲಗಿದರೆ ಹೊಟ್ಟೆಯಲ್ಲಿ ಬಡಿತ ಕೇಳುತ್ತಿತ್ತು. ಇಂಥ ಸಣ್ಣ ಉಬ್ಬುಗಳಲ್ಲಿ ಬಹುಪಾಲು ಒಡೆಯುವುದೇ ಇಲ್ಲವೆಂದು ಓದಿದ್ದರೂ, ಬೆನ್ನು ಹಿಡಿದಾಗಲೆಲ್ಲ ಅಣ್ಣನ ಬಚ್ಚಲುಮನೆ ಕಣ್ಣ ಮುಂದೆ ಬರುತ್ತಿತ್ತು. ತಪಾಸಣೆಗೆ ಒಪ್ಪುವ ಮೊದಲೇ ಹಿರಿಯ ವೈದ್ಯರು, “ಸಣ್ಣದೊಂದು ಸಿಕ್ಕರೆ ಅದನ್ನು ತಿಳಿದುಕೊಂಡು ಬದುಕುವುದು ನಿಮಗಾಗುತ್ತದೆಯೇ?” ಎಂದು ಕೇಳಿದ್ದರು. ಆಗುತ್ತದೆ ಎಂದು ಸುಲಭವಾಗಿ ಹೇಳಿದ್ದೆ. ಅದೇ ದಿನ ನನ್ನ ಪಕ್ಕದಲ್ಲಿ ಕಾಯುತ್ತಿದ್ದ 82 ವರ್ಷದ ಹಿರಿಯರೊಬ್ಬರಿಗೆ ಅವರು ಈ ಸ್ಕ್ಯಾನಿಂಗ್ ಬೇಡವೆಂದಿದ್ದರು. ಹೃದಯ ತೀರ ದುರ್ಬಲವಾಗಿದ್ದ ಅವರಿಗೆ ದೊಡ್ಡ ಉಬ್ಬೇ ಸಿಕ್ಕರೂ ಶಸ್ತ್ರಚಿಕಿತ್ಸೆ ಮಾಡುವಂತಿರಲಿಲ್ಲ, ಚಿಂತೆಯೊಂದು ಉಳಿಯುತ್ತಿತ್ತು. ಅವರ ಮಗ ಸಿಟ್ಟಾಗಿ ಹೊರಟುಹೋದ. ಯಾರನ್ನು ಬಿಡಬೇಕೆಂಬುದೂ ಆಯ್ಕೆಯೊಳಗೇ ಸೇರಿದೆ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ರಕ್ತನಾಳ ಶಸ್ತ್ರಚಿಕಿತ್ಸಕರ ಭೇಟಿ ಸಿಕ್ಕಾಗ ಅಲ್ಲಿಯದೇ ಯಂತ್ರದಲ್ಲಿ ಮತ್ತೆ ಅಳೆದರು. 3.6 ಬಂತು. ಹದಿನಾಲ್ಕು ದಿನಗಳಲ್ಲಿ 3 ಮಿಲಿಮೀಟರ್! ಇಂಥ ಉಬ್ಬು ಸರಾಸರಿ ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಬೆಳೆಯುತ್ತದೆಂದು ಓದಿಕೊಂಡಿದ್ದ ನನಗೆ ಕುರ್ಚಿಯಲ್ಲೇ ತಲೆ ಸುತ್ತಿತು. ಶಸ್ತ್ರಚಿಕಿತ್ಸಕರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಮೊದಲ ಕಡೆ ಗೋಡೆಯ ಒಳಅಂಚಿನಿಂದ ಒಳಅಂಚಿಗೆ ಅಳೆದಿದ್ದರು, ಇಲ್ಲಿ ಹೊರಅಂಚಿನಿಂದ ಹೊರಅಂಚಿಗೆ. ಎರಡು ಗೋಡೆಗಳ ದಪ್ಪ ಸೇರಿದ್ದೇ ಆ ಮೂರು ಮಿಲಿಮೀಟರ್. ನಾಳ ಬೆಳೆದಿರಲಿಲ್ಲ, ಅಳತೆಗೋಲು ಬದಲಾಗಿತ್ತು. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ನಾನು ಆ ದಿನದ ಅರ್ಧ ಗಂಟೆಯನ್ನು ಉಳಿಸಿಕೊಳ್ಳುತ್ತಿದ್ದೆ. ವರದಿಯಲ್ಲಿ ಯಾವ ಅಂಚಿನಿಂದ ಅಳೆದರೆಂದು ಬರೆಯಿಸಿಕೊಳ್ಳಿ, ಮುಂದಿನ ಅಳತೆಗಳನ್ನು ಆದಷ್ಟೂ ಒಂದೇ ಕಡೆ ಮಾಡಿಸಿ.

ಗಂಡಸರಲ್ಲಿ ಅಗಲ 5.5 ಸೆಂಟಿಮೀಟರ್ ಮುಟ್ಟುವವರೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತಿಲ್ಲ. 4ರಿಂದ 5.5ರ ನಡುವಿನವರಿಗೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿದರೆ ಆಯುಸ್ಸು ಹೆಚ್ಚುವುದಿಲ್ಲವೆಂದು ಬ್ರಿಟನ್ನಿನ ಮತ್ತು ಅಮೆರಿಕದ ಎರಡು ದೊಡ್ಡ ಅಧ್ಯಯನಗಳು ತೋರಿಸಿವೆ. ನನಗೆ ವರ್ಷಕ್ಕೊಮ್ಮೆ ಅಳೆಯುವುದು ಸಾಕೆಂದರು. ಬ್ರಿಟನ್ನಿನಲ್ಲಿ 3ರಿಂದ 4.4ರವರೆಗೆ ಪಾಲಿಸುವ ಕ್ರಮ ಅದೇ. ಇಷ್ಟೇ ಅಗಲದವರಿಗೆ ಮೂರು ವರ್ಷಕ್ಕೊಮ್ಮೆ ಸಾಕೆನ್ನುವ ವೈದ್ಯರೂ ಇದ್ದಾರೆ, ಅದೂ ಅಮೆರಿಕದ ರಕ್ತನಾಳ ತಜ್ಞರ ಸಂಘದ ಮಾರ್ಗಸೂಚಿಯಲ್ಲಿ ಇರುವುದೇ. ಬಿಪಿಯ ಮಾತ್ರೆಯ ಜೊತೆಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಸೇರಿತು. ಜೊತೆಗೆ ಎರಡು ಎಚ್ಚರಿಕೆಗಳನ್ನು ಹೇಳಿದರು. ಹೊಟ್ಟೆ ಅಥವಾ ಬೆನ್ನಿನಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ, ಬಾಯಿ ತೆರೆದ ಕೂಡಲೇ ಅನ್ಯೂರಿಸಂ ಇದೆ ಎನ್ನಬೇಕು. ಸೋಂಕಿಗೆ ಯಾರಾದರೂ ಆ್ಯಂಟಿಬಯಾಟಿಕ್ ಬರೆದರೆ ಆಗಲೂ ಇದನ್ನು ತಿಳಿಸಬೇಕು. ಸಿಪ್ರೊಫ್ಲಾಕ್ಸಸಿನ್ ಮುಂತಾದ ಫ್ಲೋರೋಕ್ವಿನೋಲೋನ್ ಗುಂಪಿನ ಔಷಧಗಳನ್ನು ಅನ್ಯೂರಿಸಂ ಇರುವವರಿಗೆ ಬೇರೆ ದಾರಿಯಿದ್ದಾಗ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರ ಡಿಸೆಂಬರಿನಲ್ಲಿ ಎಚ್ಚರಿಸಿದೆ.

ಖರ್ಚಿನ ವಿಚಾರ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ಸ್ಕ್ಯಾನಿಂಗಿನದು ಇದರಲ್ಲಿ ಸಣ್ಣ ಪಾಲು. ಎರಡೆರಡು ಸಲ ಕಟ್ಟಿದ ಭೇಟಿಯ ಶುಲ್ಕ, ದಾಖಲೆಯ ಪ್ರತಿಗಳು, ಓಡಾಟ ಇವೆಲ್ಲ ಸೇರಿ ಅದನ್ನು ಮೀರಿಸಿದವು. ರೋಗಲಕ್ಷಣವಿಲ್ಲದೆ ಮಾಡಿಸುವ ತಪಾಸಣೆ ನನ್ನ ವಿಮೆಗೆ ಒಳಪಡಲಿಲ್ಲ. ವಿಮೆ ಬದಲಿಸುವ ಯೋಚನೆ ಇರುವವರು ನಿಯಮಗಳನ್ನು ಸ್ಕ್ಯಾನಿಂಗಿಗೆ ಮೊದಲೇ ಓದಿಕೊಂಡಿರಲಿ.

ಇನ್ನು ಅಕ್ಕನ ಮಾತು. ಅವಳಿಗೆ 69, ಎಂದೂ ಸೇದಿದವಳಲ್ಲ. ಹೆಂಗಸರಲ್ಲಿ ಈ ಉಬ್ಬು ಅಪರೂಪ, ಆದರೆ ಬಂದರೆ ಗಂಡಸರಿಗಿಂತ ಕಡಿಮೆ ಅಗಲದಲ್ಲೇ ಒಡೆಯುವ ಸಂಭವವಿದೆ. ಅವರ ಶಸ್ತ್ರಚಿಕಿತ್ಸೆಯನ್ನು 5 ಸೆಂಟಿಮೀಟರಿಗೇ ಯೋಚಿಸುವುದು ಅದಕ್ಕಾಗಿ. ಆದರೂ ರಕ್ತಸಂಬಂಧಿಗಳಲ್ಲಿ ಕಾಯಿಲೆಯಿದ್ದ ಹೆಂಗಸರ ತಪಾಸಣೆಯ ಬಗ್ಗೆ ಅಮೆರಿಕದ ಆ ಕಾರ್ಯಪಡೆ ಹೌದೆಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ, ಪುರಾವೆ ಸಾಲದು ಎಂದು ಬಿಟ್ಟಿದೆ. ರಕ್ತನಾಳ ತಜ್ಞರ ಸಂಘ ಮಾತ್ರ ಒಡಹುಟ್ಟಿದವರಲ್ಲಿ ಗಂಡು ಹೆಣ್ಣೆಂದು ಬೇಧ ಮಾಡದೆ ಒಮ್ಮೆ ನೋಡಿಬಿಡಿ ಎನ್ನುತ್ತದೆ. “ನಿನಗೆ ಕರೆದು ಮಾಡುತ್ತಾರೆ, ನಾನು ಕೇಳಿ ಮಾಡಿಸಿಕೊಳ್ಳಬೇಕು, ಅಷ್ಟೇ ತಾನೇ?” ಎಂದು ಅಕ್ಕ ಕೇಳಿದಳು. ಅಷ್ಟೇ ಎಂದೆ. ಅಣ್ಣನ ಮರಣ ಸಾರಾಂಶವನ್ನು ಹಿಡಿದು ಅವಳೇ ಹೋಗಿ ಮಾಡಿಸಿಕೊಂಡಳು, 1.8 ಬಂತು, ಮತ್ತೆ ಬರಬೇಕಾಗಿಲ್ಲ ಎಂದರಂತೆ.

ಅಣ್ಣನ ಮಗನಿಗೆ 44. ಅವನ ಸರದಿ ಇನ್ನೂ ದೂರವಿದೆ ಎಂದ ವೈದ್ಯರು ಅವನ ಜೇಬಿನತ್ತ ನೋಡಿ ಸಿಗರೇಟಿನ ಬಗ್ಗೆ ಬೇರೆಯಾಗಿ ಮಾತಾಡಿದರು. ನನ್ನ ಹಳೆಯ ನಮೂನೆಯನ್ನು ತಿದ್ದಿಸುವುದಕ್ಕೆ ಕೊನೆಯ ದಿನ ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರಿನಲ್ಲಿ ‘ಹೌದು’, ‘ಇಲ್ಲ’ ಎರಡೇ ಆಯ್ಕೆಗಳಿವೆ, ಯಾವುದನ್ನು ಒತ್ತಲಿ ಎಂದು ಕೇಳಿದಳು. ‘ಹೌದು’ ಎಂದೆ. ಷರಾ ಎಂಬ ಜಾಗದಲ್ಲಿ ಬಿಟ್ಟ ವರ್ಷವನ್ನೂ ದಿನಕ್ಕೆ ಹತ್ತು ಎಂಬುದನ್ನೂ ಬರೆಯಿಸಿ, ಅಚ್ಚಾದ ಹಾಳೆಯನ್ನು ಓದಿ ನೋಡಿಕೊಂಡು ಬಂದೆ.